ನಿಮಗಿದು ಗೊತ್ತೇ? ಊಟಿ ಘಾಟಿ, ಬೈಕಿನ ಗಾಳಿ, ಬೆರಳತುದಿಯ ಕ್ಯಾಪು

◆ ಬೈಕಿನ ಟೈರಿನೊಳಗಿನ ಗಾಳಿಯನ್ನು ತಡೆದು ನಿಲ್ಲಿಸಿರುವುದು ಸುಮಾರು ಎರಡು ಸೆಂಟಿಮೀಟರ್ ಉದ್ದದ ಒಂದು ಪಿನ್. ಪಂಕ್ಚರ್ ಅಂಗಡಿಯವರು ‘ವಾಲ್ ಪಿನ್’ ಅನ್ನುವುದು ಇದಕ್ಕೇ. ಮೈಸೂರಿನಿಂದ ಊಟಿಗೆ ಹೊರಟವರು ಹೆಲ್ಮೆಟ್ಟು, ಜಾಕೆಟ್ಟು, ಗ್ಲೌಸು, ಮೊಬೈಲ್ ಹೋಲ್ಡರು ಎಂದು ಸಾವಿರಗಟ್ಟಲೆ ಸುರಿಯುತ್ತಾರೆ. ಈ ಪಿನ್ನು ಬದಲಿಸಲು ಒಂದು ಚಹಾದ ದುಡ್ಡು ಸಾಕು, ಆದರೆ ಬದಲಿಸಿದವರನ್ನು ಹುಡುಕಬೇಕು.

◆ ಪಿನ್ನನ್ನು ಒಳಗಿನಿಂದ ಒತ್ತಿ ಮುಚ್ಚಿರುವುದು ಟೈರಿನ ಗಾಳಿಯೇ. ಜತೆಗೆ ಒಂದು ಸಣ್ಣ ಸ್ಪ್ರಿಂಗ್. ಗಾಳಿ ಹೆಚ್ಚಿದಷ್ಟೂ ಮುಚ್ಚುಗೆ ಬಿಗಿ. ಹೊರಗಿನಿಂದ ಪಿನ್ನಿನ ತುದಿ ಅದುಮಿದಾಗ ಮಾತ್ರ ಬುಸ್ಸೆನ್ನುತ್ತದೆ.

◆ ಇದರ ಹೆಸರು ಶ್ರೇಡರ್ ವಾಲ್ವ್. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋಗಿ ನ್ಯೂಯಾರ್ಕಿನಲ್ಲಿ ರಬ್ಬರ್ ಸಾಮಾನಿನ ಅಂಗಡಿ ಇಟ್ಟಿದ್ದ ಆಗಸ್ಟ್ ಶ್ರೇಡರ್‌ನಿಂದ ಬಂದ ಹೆಸರು; 1893ರಲ್ಲಿ ಪೇಟೆಂಟ್ ಆಯಿತು. ಟೈರಿಗೆ ಕೈ ಹಾಕುವ ಮೊದಲು ಅವನ ಕಸುಬು ಮುಳುಗುಗಾರರ ಶಿರಸ್ತ್ರಾಣ ಮತ್ತು ಅವರಿಗೆ ಗಾಳಿ ಒದಗಿಸುವ ಸಲಕರಣೆ ತಯಾರಿಸುವುದು. ಸಮುದ್ರದಡಿಯಲ್ಲಿ ಗಾಳಿ ಸೋರದಂತೆ ನೋಡಿಕೊಂಡವನಿಗೆ ರಸ್ತೆಯ ಮೇಲಿನ ಗಾಳಿ ದೊಡ್ಡ ಸವಾಲೇನೂ ಆಗಿರಲಿಕ್ಕಿಲ್ಲ.

◆ ಬೈಕು, ಸ್ಕೂಟರು, ಕಾರು, ಹಲವು ಗೇರ್ ಸೈಕಲ್ಲು: ಎಲ್ಲಕ್ಕೂ ಒಂದೇ ಅಳತೆಯ ಕ್ಯಾಪು ಕೂರುತ್ತದೆ. ಹೊರಗಿನ ಥ್ರೆಡ್ಡಿನ ವ್ಯಾಸ ಸುಮಾರು 8 ಮಿ.ಮೀ., ಅಂಗುಲಕ್ಕೆ 32 ಸುತ್ತು. ಮನೆಯ ಏಸಿಗೆ ಗ್ಯಾಸ್ ತುಂಬುವ ಬಾಯಿಯಲ್ಲಿ ಕೂಡ ಇದೇ ಜಾತಿಯ ಪಿನ್ ಇರುತ್ತದೆ.

◆ ನಮ್ಮ ಹಳೆಯ ಸೈಕಲ್ಲುಗಳಲ್ಲಿ ‘ವಾಲ್‌ಟ್ಯೂಬ್’ ಎಂಬ ಸಣ್ಣ ರಬ್ಬರ್ ಕೊಳವೆ ಎಳೆದು ಹಾಕುತ್ತಿದ್ದೆವಲ್ಲ, ಅದು ಬೇರೆ ವಂಶ. ಅದರ ಹೆಸರು ಡನ್ಲಪ್ ವಾಲ್ವ್. ಸ್ಕಾಟ್ಲೆಂಡಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಬೆಲ್‌ಫಾಸ್ಟ್‌ನಲ್ಲಿ ಮಗನ ಮೂರು ಗಾಲಿ ಸೈಕಲ್ಲಿಗೆಂದು ಗಾಳಿ ಟೈರು ಮಾಡಿ 1888ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಗೊತ್ತಾಯಿತು: ಇನ್ನೊಬ್ಬ ಸ್ಕಾಟ್, ರಾಬರ್ಟ್ ವಿಲಿಯಂ ಥಾಮ್ಸನ್, ಅದೇ ಉಪಾಯಕ್ಕೆ 1845ರಲ್ಲೇ ಪೇಟೆಂಟ್ ಪಡೆದಿದ್ದ. ಡನ್ಲಪ್ಪನ ಪೇಟೆಂಟ್ ಬಿದ್ದುಹೋಯಿತು. ಹೆಸರು ಮಾತ್ರ ಅವನದೇ ಉಳಿಯಿತು.

◆ ಬೈಕಿನ ವಾಲ್ವು ಎಲ್ಲಿಂದ ಬರುತ್ತದೆ? ಬಹುಶಃ ನಿಮ್ಮ ಪಕ್ಕದಿಂದಲೇ. ಟೈರ್ ವಾಲ್ವ್ ಮತ್ತು ವಾಲ್ವ್ ಪಿನ್ನುಗಳನ್ನು ತಯಾರಿಸುವ ಟ್ರೈಟನ್ ವಾಲ್ವ್ಸ್ 1975ರಲ್ಲಿ ಹುಟ್ಟಿದ ಕರ್ನಾಟಕದ ಕಂಪನಿ. ಕಾರ್ಖಾನೆ ಇರುವುದು ಮೈಸೂರಿನ ಮಡಿಕೇರಿ ರಸ್ತೆಯ ಬೆಳವಾಡಿಯಲ್ಲಿ. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಅದೇ ಊರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ದಿ ಬೈಕುಗಳನ್ನು ಹೊರಬಿಡುತ್ತಿತ್ತು. ವಿಕ್ರಾಂತ್ ಟೈರ್ಸ್ (ಈಗ ಜೆಕೆ ಟೈರ್) ಕೂಡ ಅಲ್ಲಿಯದೇ. ಅಂದರೆ ಎಂಬತ್ತರ ದಶಕದಲ್ಲಿ ಬೈಕು, ಟೈರು, ವಾಲ್ವು ಮೂರನ್ನೂ ಒಂದೇ ಊರು ತಯಾರಿಸುತ್ತಿತ್ತು, ಆ ಊರಿನ ಹುಡುಗರು ಭಾನುವಾರ ಬೆಳಗಾದರೆ ಊಟಿ ರಸ್ತೆ ಹಿಡಿಯುತ್ತಿದ್ದರು. ಬೇರೆ ಯಾವ ಊರಿಗೆ ಈ ಜಂಬ ಇದೆ, ಹೇಳಿ!

◆ ಈಗ ಘಾಟಿಗೆ ಬರೋಣ. ಮಸಿನಗುಡಿಯಿಂದ ಕಲ್ಹಟ್ಟಿ ಮೇಲಾಗಿ ಊಟಿಗೆ ಹತ್ತುವ ರಸ್ತೆಯಲ್ಲಿ 36 ಹೇರ್‌ಪಿನ್ ತಿರುವುಗಳು. ಗೂಡಲೂರು, ನಡುವಟ್ಟಂ, ಪೈಕಾರ ಮಾರ್ಗ ಹೆಚ್ಚು ಉದ್ದ, ಆದರೆ ಏರು ಸೌಮ್ಯ.

◆ ಕಲ್ಹಟ್ಟಿಯಲ್ಲಿ ಹತ್ತುವುದು ಬೇರೆ, ಇಳಿಯುವುದು ಬೇರೆ. 2018ರ ಅಕ್ಟೋಬರ್‌ನಲ್ಲಿ ಚೆನ್ನೈನ ಪ್ರವಾಸಿಗರ ಕಾರೊಂದು ಇಲ್ಲಿ ಕಣಿವೆಗೆ ಉರುಳಿ, ಎರಡು ದಿನ ಯಾರ ಕಣ್ಣಿಗೂ ಬೀಳದೆ ಬಿದ್ದಿತ್ತು; ಐವರು ಸತ್ತರು. ಅದಾದ ಮೇಲೆ ಜಿಲ್ಲಾಡಳಿತ ನಿರ್ಬಂಧ ಬಿಗಿ ಮಾಡಿತು. ಊಟಿಯಿಂದ ಈ ದಾರಿಯಲ್ಲಿ ಇಳಿಯಲು ನೀಲಗಿರಿಯ ಟಿಎನ್ 43 ನೋಂದಣಿಯ ಗಾಡಿಗಳಿಗಷ್ಟೇ ಅವಕಾಶ. ಕೆಎ ನಂಬರ್ ಪ್ಲೇಟಿನವರು ಹತ್ತುವಾಗ ಕಲ್ಹಟ್ಟಿ, ಇಳಿಯುವಾಗ ಗೂಡಲೂರು ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡಬೇಕು. ಚೆಕ್‌ಪೋಸ್ಟಿನಲ್ಲಿ ವಾದಿಸಿ ಗೆದ್ದವರಿಲ್ಲ, ಗೆಲ್ಲಲೂಬಾರದು.

◆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಶೂರರಿಗೊಂದು ಲೆಕ್ಕ. ಸವಾರರೂ ಸೇರಿ 250 ಕಿಲೋ ತೂಗುವ ಗಾಡಿ 1,200 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 29 ಲಕ್ಷ ಜೂಲ್. ಒಂಬತ್ತು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಎಂಜಿನ್ನು ಗೇರಿನಲ್ಲಿದ್ದರೆ ಅದರ ದೊಡ್ಡ ಪಾಲನ್ನು ತಾನು ನುಂಗಿಕೊಳ್ಳುತ್ತದೆ. ನ್ಯೂಟ್ರಲ್ಲಿನಲ್ಲಿದ್ದರೆ ಗಾಳಿಯ ತಡೆಗೆ ಹೋಗಿ ಉಳಿದದ್ದೆಲ್ಲ ಅಂಗೈಯಗಲದ ಬ್ರೇಕಿನ ಮೇಲೆ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಹಳೆಯ ಲಾರಿ ಡ್ರೈವರುಗಳು ಹೇಳುವುದರಲ್ಲಿ ಫಿಸಿಕ್ಸ್ ಪೂರ್ತಿ ಇದೆ.

◆ ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ಅದೇ ಆಯಿಲ್ಲು ಕಾಲಕ್ರಮದಲ್ಲಿ ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಒಳಗೆ ಆವಿ ತುಂಬಿ ಲಿವರ್ ಸ್ಪಂಜಿನಂತೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

◆ ಮೈಸೂರಿನ ಎತ್ತರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಊಟಿಯದು ಸುಮಾರು 2,240. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕುಗ್ಗುತ್ತದೆ. ಗೇಜು ತೋರಿಸುವುದು ಒಳಗಿನ ಒತ್ತಡಕ್ಕೂ ಹೊರಗಿನದಕ್ಕೂ ಇರುವ ಅಂತರವನ್ನು. ಹಾಗಾಗಿ ಒಂದು ಗುಟುಕು ಗಾಳಿ ಹಾಕದಿದ್ದರೂ ಊಟಿಯಲ್ಲಿ ಗೇಜು ಎರಡು ಪಿಎಸ್‌ಐ ಹೆಚ್ಚು ತೋರಿಸಬೇಕು. ತೋರಿಸುತ್ತದೆಯೇ? ಇಲ್ಲ. ಯಾಕೆಂದರೆ ಚಳಿ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಮೈಸೂರಿನ 30 ಡಿಗ್ರಿಯಲ್ಲಿ 29 ಪಿಎಸ್‌ಐ ಇದ್ದ ಟೈರು ಊಟಿಯ 10 ಡಿಗ್ರಿಯಲ್ಲಿ ತಣ್ಣಗಾಗಿ ನಿಂತರೆ ಸೆಖೆ ಕಳೆದುಕೊಂಡ ಲೆಕ್ಕದಲ್ಲಿ ಮೂರರ ಹತ್ತಿರ ಕಡಿಮೆಯಾಗುತ್ತದೆ. ಎತ್ತರ ಕೊಟ್ಟದ್ದು ಎರಡು, ಚಳಿ ಕಸಿದದ್ದು ಮೂರು. ಕೊನೆಗೆ ಗೇಜಿನ ಮುಳ್ಳು ಹೆಚ್ಚುಕಡಿಮೆ ಇದ್ದಲ್ಲೇ. ‘ಬೆಟ್ಟಕ್ಕೆ ಹೋಗ್ತಿದ್ದೀವಿ, ಗಾಳಿ ಸ್ವಲ್ಪ ಇಳಿಸಿ’ ಎನ್ನುವವರೂ ‘ಐದು ಜಾಸ್ತಿ ಹೊಡೀರಿ’ ಎನ್ನುವವರೂ ಇಬ್ಬರೂ ಸುಮ್ಮನೆ ಮಾತಾಡುತ್ತಿದ್ದಾರೆ.

◆ ಡಿಸೆಂಬರ್, ಜನವರಿಯಲ್ಲಿ ಊಟಿಯ ಹುಲ್ಲುಗಾವಲಿನ ಮೇಲೆ ಹಿಮ ಕಟ್ಟುವ ಬೆಳಗುಗಳಿರುತ್ತವೆ. ರಾತ್ರಿ ಹೊರಗೆ ನಿಂತ ಬೈಕಿನಲ್ಲಿ ಆಗ ಇನ್ನೂ ಒಂದು ಪಿಎಸ್‌ಐ ಇಳಿದಿರುತ್ತದೆ. ಗಾಳಿ ನೋಡಬೇಕಾದದ್ದು ಆ ಹೊತ್ತಿನಲ್ಲೇ, ಟೈರು ತಣ್ಣಗಿರುವಾಗ. ಐವತ್ತು ಕಿಲೋಮೀಟರ್ ಓಡಿಸಿ ಬಂಕಿಗೆ ಹೋಗಿ ನೋಡಿದರೆ ಬಿಸಿ ಗಾಳಿಯ ಸುಳ್ಳು ಲೆಕ್ಕ ಸಿಗುತ್ತದೆ.

◆ ಎಷ್ಟು ಗಾಳಿ? ಚೈನ್ ಕವರಿನ ಮೇಲೋ ಸ್ವಿಂಗ್ ಆರ್ಮಿನ ಮೇಲೋ ಸ್ಟಿಕ್ಕರ್ ಇರುತ್ತದೆ. ಒಬ್ಬರಿದ್ದರೆ ಇಷ್ಟು, ಇಬ್ಬರಿದ್ದರೆ ಇಷ್ಟು ಎಂದು ಬೇರೆಬೇರೆ ಬರೆದಿರುತ್ತದೆ. ಟೈರಿನ ಗೋಡೆಯ ಮೇಲೆ ಬರೆದ ಸಂಖ್ಯೆ ಆ ಟೈರು ಗರಿಷ್ಠ ಭಾರ ಹೊರುವಾಗಿನದು, ನಿಮ್ಮ ಗಾಡಿಗೆ ಹೇಳಿದ್ದಲ್ಲ. ಬಂಕಿನ ಹುಡುಗ ‘ಎಷ್ಟು ಸಾರ್?’ ಎಂದು ಕೇಳಿದಾಗ ಮೇಲೆ ಕೆಳಗೆ ನೋಡುವುದಕ್ಕಿಂತ ಹೊರಡುವ ಮುನ್ನ ಒಮ್ಮೆ ಬಗ್ಗಿ ಆ ಸ್ಟಿಕ್ಕರ್ ಓದಿಕೊಳ್ಳಬಹುದು.

◆ ಅಂದಹಾಗೆ, ಪೆಟ್ರೋಲ್ ಬಂಕುಗಳು ಗಾಳಿಯನ್ನು ಪುಕ್ಕಟೆ ಹಾಕಬೇಕು. ಕುಡಿಯುವ ನೀರು, ಶೌಚಾಲಯದ ಹಾಗೆ ಅದೂ ಕಡ್ಡಾಯ ಸೌಕರ್ಯ. ಟಿಪ್ಸ್ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು.

◆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬೈಕಿನ ವಾಲ್ವು ಎಷ್ಟು ಜೋರಾಗಿ ಸುತ್ತುತ್ತದೆ ಎಂದರೆ, ಅದರ ಮೇಲಿಟ್ಟ ವಸ್ತು ತನ್ನ ತೂಕದ ಸುಮಾರು 175 ಪಟ್ಟು ತೂಗುತ್ತದೆ! 60ರ ವೇಗದಲ್ಲಿ ಸುಮಾರು 63 ಪಟ್ಟು. ಮಾಮೂಲಿ ಪ್ಲಾಸ್ಟಿಕ್ ಕ್ಯಾಪು ಒಂದು ಗ್ರಾಮಿಗಿಂತ ಹೆಚ್ಚಿರುವುದಿಲ್ಲ, ಚಿಂತೆಯಿಲ್ಲ. ಹತ್ತು ಗ್ರಾಮಿನ ಹಿತ್ತಾಳೆ ತಲೆಬುರುಡೆಯನ್ನೋ ಮಿಣುಕು ದೀಪದ ಕ್ಯಾಪನ್ನೋ ತಿರುಗಿಸಿ ಕೂರಿಸಿದರೆ 100ರ ವೇಗದಲ್ಲಿ ವಾಲ್ವಿನ ರಬ್ಬರ್ ಕೊಳವೆ ಒಂದೂಮುಕ್ಕಾಲು ಕಿಲೋ ಭಾರ ಹೊರಬೇಕು. ಪ್ರತಿ ಸಲ ವೇಗ ಏರಿಳಿದಾಗ ಆ ಕೊಳವೆ ಬಾಗುತ್ತದೆ, ನೇರವಾಗುತ್ತದೆ, ಮತ್ತೆ ಬಾಗುತ್ತದೆ. ರಬ್ಬರಿನ ಬುಡದಲ್ಲಿ ಬಿರುಕು ಬಿಡುವುದು ಹೀಗೆ. ಬುಡದ ಬಿರುಕಿಗೆ ಪಂಕ್ಚರ್ ಹಾಕಲು ಬರುವುದಿಲ್ಲ, ಇಡೀ ವಾಲ್ವು ಬದಲಿಸಬೇಕು. ಅದಕ್ಕೆ ಟೈರು ಬಿಚ್ಚಬೇಕು. ಅಲಂಕಾರದ ಕ್ಯಾಪಿಗೆ ನನ್ನ ಓಟು ಇಲ್ಲ.

◆ ಟೈರಿನ ಒತ್ತಡವನ್ನು ಮೊಬೈಲಿಗೋ ಹ್ಯಾಂಡಲಿನ ಪರದೆಗೋ ಕಳಿಸುವ ಸೆನ್ಸರುಗಳು ಈಗ ಆನ್‌ಲೈನಿನಲ್ಲಿ ಸಲೀಸಾಗಿ ಸಿಗುತ್ತವೆ. ಕ್ಯಾಪಿನ ಜಾಗದಲ್ಲಿ ತಿರುಗಿಸಿ ಕೂರಿಸಿದರಾಯಿತು. ಒಳ್ಳೆಯ ಸಾಧನವೇ, ಆದರೆ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆಯದ ಒಂದು ಮಾತಿದೆ. ಒತ್ತಡ ಅಳೆಯಬೇಕಾದರೆ ಒಳಗಿನ ಗಾಳಿ ಸೆನ್ಸರಿಗೆ ತಾಕಬೇಕು. ತಾಕಬೇಕಾದರೆ ಪಿನ್ನನ್ನು ಸದಾ ಒತ್ತಿ ಹಿಡಿದಿರಬೇಕು. ಅಂದರೆ ಸೆನ್ಸರ್ ಕೂತಿರುವಷ್ಟು ಹೊತ್ತೂ ವಾಲ್ವು ತೆರೆದೇ ಇರುತ್ತದೆ. ಗಾಳಿಯನ್ನು ಹಿಡಿದಿರುವುದು ಸೆನ್ಸರಿನೊಳಗಿನ ತೆಳು ರಬ್ಬರ್ ಬಳೆಯೊಂದೇ. ಆ ಬಳೆ ಸೊಟ್ಟಗಾದರೆ, ಒಣಗಿ ಸೀಳಿದರೆ, ಸೋರಿಕೆಯನ್ನು ಪತ್ತೆ ಮಾಡಲೆಂದು ತಂದ ಸಾಧನವೇ ಸೋರಿಕೆಗೆ ಕಾರಣ. ಹಸಿರು, ಹಳದಿ, ಕೆಂಪು ಬಣ್ಣ ತೋರಿಸುವ ಅಗ್ಗದ ಕ್ಯಾಪುಗಳೂ ಇದೇ ಕ್ರಮದಲ್ಲಿ ಕೆಲಸ ಮಾಡುತ್ತವೆ. ಹಾಕಿಕೊಳ್ಳುವುದಾದರೆ ರಬ್ಬರ್ ವಾಲ್ವು ತೆಗೆಸಿ, ನಟ್ಟಿನಿಂದ ಬಿಗಿಯುವ ಲೋಹದ ವಾಲ್ವು ಹಾಕಿಸಿ. ಮೇಲೆ ಸೋಪಿನ ನೀರು ಬಿಟ್ಟು ಗುಳ್ಳೆ ಏಳುತ್ತದೆಯೇ ನೋಡಿ.

◆ ಲೋಹದ ವಾಲ್ವು ತರುವ ಮುನ್ನ ರಿಮ್ಮಿನ ತೂತು ಅಳೆಯಬೇಕು. ಬೈಕುಗಳಲ್ಲಿ 11.5 ಮಿ.ಮೀ. ಮತ್ತು 8.3 ಮಿ.ಮೀ. ಎರಡೂ ಬಳಕೆಯಲ್ಲಿವೆ.

◆ ಗುಂಡ್ಲುಪೇಟೆಯ ಪಂಕ್ಚರ್ ಅಂಗಡಿಗಳಲ್ಲಿ ನೋಡಿರುತ್ತೀರಿ. ಗಾಳಿ ಹಾಕಿ ಮುಗಿಸಿದವನು ಬೆರಳತುದಿ ಒದ್ದೆ ಮಾಡಿ ವಾಲ್ವಿನ ಬಾಯಿಗೆ ಒಂದು ಹನಿ ಹಚ್ಚಿ, ತಲೆ ವಾರೆ ಮಾಡಿ ನೋಡುತ್ತಾನೆ. ಹನಿ ಹಾಗೇ ನಿಂತಿದ್ದರೆ ಸರಿ. ಒಂದು ಸಣ್ಣ ಗುಳ್ಳೆ ಉಬ್ಬಿ ಟಪ್ಪೆಂದು ಒಡೆದರೆ ಡಬ್ಬಿಯಿಂದ ಕವಲು ತುದಿಯ ಪುಟ್ಟ ಕೀಲಿ ತೆಗೆದು ಪಿನ್ನನ್ನು ಕಾಲು ಸುತ್ತು ಬಿಗಿ ಮಾಡುತ್ತಾನೆ. ಮತ್ತೆ ಹನಿ. ಮತ್ತೆ ಗುಳ್ಳೆ ಬಂದರೆ ಪಿನ್ನೇ ಬದಲು. ಸಾವಿರಾರು ರೂಪಾಯಿಯ ಸೆನ್ಸರು ಮಾಡುವ ಕೆಲಸದ ಮುಖ್ಯ ಭಾಗ ಇಷ್ಟರಲ್ಲಿ ಮುಗಿಯಿತು. ಕೆಲವು ಲೋಹದ ಕ್ಯಾಪುಗಳ ತಲೆಯ ಮೇಲೆ ಕವಲಿನಂಥ ಎರಡು ಕಿವಿ ಇರುತ್ತವೆ. ಅದು ಅಂದಕ್ಕಲ್ಲ, ಪಿನ್ ತಿರುಗಿಸುವ ಆ ಕೀಲಿಯೇ ಅದು.

◆ ಕ್ಯಾಪಿಲ್ಲದಿದ್ದರೆ ಗಾಳಿ ಹೋಗುತ್ತದೆಯೇ? ತಕ್ಷಣಕ್ಕೆ ಇಲ್ಲ. ಚಕ್ರ ಸುತ್ತುವಾಗ ಪಿನ್ನು ತೆರೆಯುವ ದಿಕ್ಕಿಗೇ ಎಳೆತ ಬೀಳುತ್ತದೆ ಎಂಬುದು ನಿಜ. ಆದರೆ ಘಾಟಿ ರಸ್ತೆಯ ವೇಗಕ್ಕೆ ಸ್ಪ್ರಿಂಗು, ಒಳಗಿನ ಒತ್ತಡ ಎರಡೂ ಸೇರಿ ಅದನ್ನು ತಡೆಯುತ್ತವೆ. ಕಾಟ ಕೊಡುವುದು ಮರಳು. ಕ್ಯಾಪಿಲ್ಲದ ಬಾಯಲ್ಲಿ ಕೆಸರು ಕೂರುತ್ತದೆ, ಮುಂದಿನ ಸಲ ಗಾಳಿ ಹಾಕುವಾಗ ಪಂಪು ಆ ಕೆಸರನ್ನೇ ಒಳಕ್ಕೆ ತಳ್ಳುತ್ತದೆ, ಒಂದು ಮರಳ ಕಾಳು ಪಿನ್ನಿನ ಅಂಚಿನಲ್ಲಿ ಸಿಕ್ಕಿಕೊಂಡರೆ ಅಂದಿನಿಂದ ದಿನಕ್ಕಿಷ್ಟು ಎಂದು ಸೋರಿಕೆ. ಗೂಡಲೂರು, ದೇವಾಲದ ಕಡೆಯ ಮಳೆ ಮತ್ತು ಕೆಂಪು ರಾಡಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

◆ ಒಳಗೆ ರಬ್ಬರ್ ವಾಷರ್ ಇರುವ ಕ್ಯಾಪು ಒಳ್ಳೆಯದು. ಪಿನ್ನು ಕೈಕೊಟ್ಟರೂ ಗಾಳಿಯನ್ನು ಅದು ಒಂದಷ್ಟು ಹೊತ್ತು ಹಿಡಿಯುತ್ತದೆ.

◆ ಬಣ್ಣಬಣ್ಣದ ಅಲ್ಯೂಮಿನಿಯಂ ಕ್ಯಾಪು ಹಿತ್ತಾಳೆಯ ವಾಲ್ವಿನ ಮೇಲೆ ಒಂದು ಮಳೆಗಾಲ ಕೂತರೆ ಎರಡು ಲೋಹಗಳ ನಡುವೆ ತೇವ ಸೇರಿ ತುಕ್ಕು ಕಟ್ಟಿ ಅಂಟಿಬಿಡುತ್ತದೆ. ಇಕ್ಕಳ ಹಾಕಿ ತಿರುಗಿಸಿದರೆ ಕ್ಯಾಪಿನ ಜತೆಗೆ ವಾಲ್ವೇ ಕಿತ್ತು ಬರುವುದೂ ಉಂಟು. ಕಪ್ಪು ಪ್ಲಾಸ್ಟಿಕ್ ಕ್ಯಾಪಿಗೆ ಈ ರೋಗ ಇಲ್ಲ.

◆ ಹಸಿರು ಕ್ಯಾಪು ಕಂಡರೆ ಟೈರಿನಲ್ಲಿ ನೈಟ್ರೋಜನ್ ಇದೆ ಎಂದು ಅರ್ಥ. ಮಾಮೂಲಿ ಗಾಳಿಯಲ್ಲೂ ನೈಟ್ರೋಜನ್ ಶೇ 78 ಇರುತ್ತದೆ. ಉಳಿದ 22ಕ್ಕೆ ದುಡ್ಡು ಕೊಡುವುದು ನಿಮ್ಮ ಇಷ್ಟ.

◆ ಹೊಸ ಟೈರಿನ ಗೋಡೆಯ ಮೇಲೆ ಬಣ್ಣದ ಪುಟ್ಟ ಚುಕ್ಕೆ ಇದ್ದರೆ ಅದು ಸಾಮಾನ್ಯವಾಗಿ ಟೈರಿನ ಅತಿ ಹಗುರ ಜಾಗ. ಚುಕ್ಕೆ ವಾಲ್ವಿನ ನೇರಕ್ಕೆ ಬರುವಂತೆ ಕೂರಿಸುತ್ತಾರೆ. ವಾಲ್ವಿನ ತೂಕ ಅಲ್ಲಿ ಸರಿದೂಗುತ್ತದೆ.

◆ ಟೈರಿನ ಮೇಲಿನ ನಾಲ್ಕು ಅಂಕಿ ಅದರ ಜಾತಕ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಹುಟ್ಟಿದ್ದು. ಟೈರು ಬದಲಿಸುವಾಗ ರಬ್ಬರ್ ವಾಲ್ವನ್ನೂ ಬದಲಿಸಿಬಿಡಬೇಕು, ಎರಡಕ್ಕೂ ವಯಸ್ಸು ಒಟ್ಟಿಗೇ ಆಗಿರುತ್ತದೆ. ‘ಹಳೇದೇ ಚೆನ್ನಾಗಿದೆ ಬಿಡಿ’ ಎನ್ನುವ ಅಂಗಡಿಯವರ ಮಾತು ಇಲ್ಲಿ ಕೇಳಬೇಡಿ. ವಾಲ್ವಿನ ಬುಡವನ್ನು ಬೆರಳಿನಿಂದ ಒಂದು ಪಕ್ಕಕ್ಕೆ ಬಾಗಿಸಿ ನೋಡಿ, ಸುಕ್ಕುಗೆರೆ ಕಂಡರೆ ಮಾತು ಮುಗಿಯಿತು.

◆ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ದ್ವಿಚಕ್ರ ವಾಹನದ ಟೈರಿನ ಗೀರಿನ ಆಳ 0.8 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಕಾನೂನಿನ ಮಟ್ಟಿಗೆ ಅಷ್ಟು ಸಾಕು. ನಡುವಟ್ಟಂ ಮಂಜಿನಲ್ಲಿ, ರಸ್ತೆಯಂಚಿನ ಪಾಚಿಯ ಮೇಲೆ, ಅಷ್ಟು ಸಾಲದು.

◆ ಬುಲೆಟ್ ಸವಾರರ ಗಮನಕ್ಕೆ! ಸ್ಪೋಕ್ ಚಕ್ರದ ಬಹುಪಾಲು ಗಾಡಿಗಳಲ್ಲಿ ಒಳಗೆ ಟ್ಯೂಬು ಇರುತ್ತದೆ. ಗಾಳಿ ತೀರಾ ಕಡಿಮೆ ಇರುವಾಗ ಜೋರಾಗಿ ಬ್ರೇಕ್ ಹಿಡಿದರೆ ಟೈರು ರಿಮ್ಮಿನ ಮೇಲೆ ತುಸು ಜಾರುತ್ತದೆ, ಒಳಗಿನ ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ. ವಾಲ್ವು ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಪರಿಣಾಮ, ವಾಲ್ವಿನ ಬುಡ ಹರಿದು ಗಾಳಿ ಒಮ್ಮೆಲೇ ಖಾಲಿ. ಮೊಳೆ ಚುಚ್ಚಿದ ಟ್ಯೂಬಿಗೆ ತೇಪೆ ಹಾಕಬಹುದು, ಬುಡ ಹರಿದ ಟ್ಯೂಬಿಗೆ ಯಾವ ತೇಪೆಯೂ ನಿಲ್ಲದು. ಇದಕ್ಕೆ ಮುನ್ಸೂಚನೆ ಬರಿಗಣ್ಣಿಗೇ ಕಾಣುತ್ತದೆ: ನೆಟ್ಟಗಿರಬೇಕಾದ ವಾಲ್ವು ಒಂದು ಕಡೆಗೆ ವಾಲಿಕೊಂಡಿರುತ್ತದೆ. ಕಲ್ಲುಮಣ್ಣಿನ ದಾರಿಯಲ್ಲಿ ಪಳಗಿದವರು ವಾಲ್ವಿನ ಬುಡದ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮೇಲಕ್ಕೆ, ಕ್ಯಾಪಿನ ತನಕ ತಿರುಗಿಸಿ ಬಿಡುವುದು ಇದೇ ಕಾರಣಕ್ಕೆ. ಟೈರು ಸ್ವಲ್ಪ ಜಾರಿದರೂ ವಾಲ್ವು ಹರಿಯದೆ ವಾಲಲಿ ಎಂದು.

◆ ಬಂಡೀಪುರದ ಕಾಡುದಾರಿಯುದ್ದಕ್ಕೂ ಹಂಪುಗಳು. ಪ್ರಾಣಿಗಳಿಗಾಗಿ ಹಾಕಿದವು, ಬೇಕು ಕೂಡ. ಗಾಳಿ ಕಡಿಮೆ ಇರುವ ಟೈರಿನಲ್ಲಿ ಇವನ್ನು ಹಾರಿಸಿದರೆ ಹಂಪಿಗೂ ರಿಮ್ಮಿಗೂ ನಡುವೆ ಟ್ಯೂಬು ಚಿವುಟಿಕೊಂಡು ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಮೆಕ್ಯಾನಿಕ್ಕುಗಳ ಲೋಕದಲ್ಲಿ ಇದಕ್ಕೆ ಹಾವು ಕಡಿತ ಎಂದು ಹೆಸರು. ಟ್ಯೂಬು ಹೊರಗೆಳೆದು ನೋಡಿದರೆ ಎರಡು ಹಲ್ಲಿನ ಗುರುತು ಥೇಟ್ ಹಾಗೇ ಇರುತ್ತದೆ. ಮೊಳೆಯನ್ನು ದೂರಿ ಪ್ರಯೋಜನವಿಲ್ಲ.

◆ ಕಾಡಿನೊಳಗೆ ಪಂಕ್ಚರ್ ಆದರೆ? ಬಂಡೀಪುರ, ಮುದುಮಲೆ ಎರಡರಲ್ಲೂ ದಾರಿ ಮಧ್ಯೆ ಗಾಡಿ ನಿಲ್ಲಿಸುವಂತಿಲ್ಲ. ದಂಡದ ಮಾತಿರಲಿ, ಬೈಕಿನವನ ಸುತ್ತ ತಗಡಿನ ಗೋಡೆಯೂ ಇಲ್ಲ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದ್ದರೆ ಅದನ್ನು ಕೀಳಬಾರದು. ಮೊಳೆಯೇ ಬಿರಡೆಯಾಗಿ ಗಾಳಿಯನ್ನು ಸಾವಕಾಶ ಬಿಡುತ್ತಿರುತ್ತದೆ. ನಿಧಾನಕ್ಕೆ ತೆಪ್ಪಕಾಡಿನ ತನಕವೋ ಚೆಕ್‌ಪೋಸ್ಟಿನ ತನಕವೋ ಸಾಗಿದರೆ ಜನ, ಬೆಳಕು ಸಿಗುತ್ತದೆ. ಹ್ಯಾಂಡಲ್ ಭಾರವೆನಿಸಿದರೆ ಮುಂದಿನ ಟೈರು, ಹಿಂಭಾಗ ಬಾಲ ಅಲ್ಲಾಡಿಸಿದಂತಾದರೆ ಹಿಂದಿನದು. ಇಳಿದು ನೋಡುವ ಅಗತ್ಯವೇ ಇಲ್ಲ.

◆ ಮುದುಮಲೆ 1940ರಲ್ಲಿ ಅಭಯಾರಣ್ಯವಾಯಿತು, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಮಸಿನಗುಡಿ ಸುತ್ತಲಿನ ಸೀಗೂರು ಬಯಲು ಆನೆಗಳ ದಾರಿ. ಆ ದಾರಿಯನ್ನು ಉಳಿಸಬೇಕೆಂಬ ಮದ್ರಾಸ್ ಹೈಕೋರ್ಟಿನ 2011ರ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. ಆನೆ ಅಡ್ಡ ಬಂದರೆ ಹಾರ್ನ್ ಬೇಡ, ಎಕ್ಸಿಲರೇಟರ್ ಗುರ್ರೆನಿಸುವುದು ಬೇಡ, ಫೋಟೋ ಅಂತೂ ಬೇಡವೇ ಬೇಡ. ದೂರದಲ್ಲೇ ನಿಂತು ದಾರಿ ಬಿಡಿ.

◆ ಪಂಕ್ಚರ್ ಮುಚ್ಚುವ ದ್ರವವನ್ನು ವಾಲ್ವಿನ ಮೂಲಕ ಹಿಂಡಿ ಬಿಟ್ಟರೆ ತುರ್ತಿಗೆ ಒದಗುತ್ತದೆ, ನಿಜ. ಅದೇ ದ್ರವ ಪಿನ್ನಿನೊಳಗೂ ಒಣಗಿ ಅಂಟಾಗುತ್ತದೆ. ಊರು ಸೇರಿದ ಮೇಲೆ ಪಿನ್ ಬದಲಿಸಿ.

◆ ಗಾಳಿ ಹಾಕಲು ಕೈ ತೂರದ ಚಕ್ರಗಳಿಗೆ ಎಲ್ ಆಕಾರದ ಅಡಾಪ್ಟರ್ ಸಿಗುತ್ತದೆ. ಗಾಳಿ ಹಾಕಿದ ಮೇಲೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ವಾಲ್ವಿನಲ್ಲೇ ಬಿಟ್ಟು ಓಡಿಸಿದರೆ ಆ 175 ಪಟ್ಟಿನ ಲೆಕ್ಕ ಅದಕ್ಕೂ ಅನ್ವಯಿಸುತ್ತದೆ.

◆ ಹತ್ತು ಡಿಗ್ರಿ ಚಳಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ ಮೈಗೆ ತಾಕುವುದು ಐದು ಡಿಗ್ರಿಯ ಚಳಿ. ಮೊದಲು ಮರಗಟ್ಟುವುದು ಬ್ರೇಕ್ ಹಿಡಿಯುವ ಬೆರಳುಗಳೇ. ಪೈಕಾರದ ಬಳಿ ಚಹಾ ಕುಡಿಯುವುದು ಚಪಲವಲ್ಲ, ಸುರಕ್ಷತೆಯ ಕ್ರಮ.

◆ ಸಮುದ್ರಮಟ್ಟಕ್ಕೆ ಹೋಲಿಸಿದರೆ ಊಟಿಯಲ್ಲಿ ಎಂಜಿನ್ನಿನ ಬಲ ಸುಮಾರು ಐದನೇ ಒಂದರಷ್ಟು ಕಡಿಮೆ, ಗಾಳಿ ತೆಳುವಾದ್ದರಿಂದ. ಹಳೆಯ ಕಾರ್ಬ್ಯುರೇಟರ್ ಗಾಡಿಗಳು ಮೇಲೆ ಹೋದಂತೆ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬಿಡುವುದೂ ಇದಕ್ಕೇ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಲ್ಲಿ ಇಂಜೆಕ್ಷನ್ ಸಾಮಾನ್ಯವಾಯಿತು, ಅದು ತಾನೇ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಓವರ್‌ಟೇಕ್ ಮಾಡುವಾಗ ಮೈಸೂರಿನ ಹುಮ್ಮಸ್ಸು ಇಲ್ಲಿ ಸಿಗದು ಎಂಬುದು ನೆನಪಿದ್ದರೆ ಸಾಕು.

◆ ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಹತ್ತುವವರಿಗೆ ಮೊದಲ ಹಕ್ಕು. ಇಳಿಯುವವರು ಬದಿಗೆ ನಿಂತು ದಾರಿ ಕೊಡಬೇಕು. 2017ರ ಮೋಟಾರು ವಾಹನ ಚಾಲನಾ ನಿಬಂಧನೆಗಳಲ್ಲಿ ಇದು ಬರಹದಲ್ಲೇ ಇದೆ. ಹೇರ್‌ಪಿನ್ನಿನಲ್ಲಿ ಬಸ್ಸು ಹತ್ತಿ ಬರುತ್ತಿದ್ದರೆ ತಿರುವಿನ ಒಳಗೆ ನುಗ್ಗಬೇಡಿ. ಅದರ ಹಿಂಭಾಗ ಒಳಸುತ್ತನ್ನು ಕತ್ತರಿಸಿಕೊಂಡೇ ಬರುತ್ತದೆ.

◆ ಹೆಲ್ಮೆಟ್ಟಿಗೆ ಐಎಸ್‌ಐ ಗುರುತು 2021ರ ಜೂನ್ 1ರಿಂದ ಕಡ್ಡಾಯ. 125 ಸಿಸಿ ಮೇಲಿನ ಬೈಕುಗಳಿಗೆ ಎಬಿಎಸ್ 2019ರ ಏಪ್ರಿಲ್‌ನಿಂದ. ಹಗಲಲ್ಲೂ ಹೆಡ್‌ಲೈಟ್ ತಾನೇ ಉರಿಯುವ ವ್ಯವಸ್ಥೆ 2017ರ ಏಪ್ರಿಲ್‌ನಿಂದ. ಆ ಬೆಳಕಿನ ಬೆಲೆ ಗೊತ್ತಾಗುವುದು ಮಂಜು ಇಳಿದ ಮೇಲೆ.

◆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಇ-ಪಾಸ್ ವ್ಯವಸ್ಥೆ ಬಂದಿದೆ. ಹೊರಡುವ ದಿನದ ನಿಯಮ ನೋಡಿಕೊಳ್ಳಿ. ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೂ ಜಿಲ್ಲೆಯಲ್ಲಿ ನಿಷೇಧ, ನೀರಿನ ಬಾಟಲಿಯನ್ನು ಚೆಕ್‌ಪೋಸ್ಟಿನಲ್ಲೇ ಕಿತ್ತಿಡುತ್ತಾರೆ. ಸ್ಟೀಲ್ ಬಾಟಲಿ ಒಯ್ಯಿರಿ.

◆ ಬಂಡೀಪುರದ ಕಾಡುದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಯ ಆದೇಶದಿಂದ ಶುರುವಾದ ನಿರ್ಬಂಧವನ್ನು ಕರ್ನಾಟಕ ಹೈಕೋರ್ಟ್ 2010ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಆಂಬುಲೆನ್ಸಿಗೆ ವಿನಾಯಿತಿ ಇದೆ, ಪಂಕ್ಚರ್ ಆದ ಬೈಕಿಗೆ ಇಲ್ಲ. ಗೂಡಲೂರಿನಲ್ಲಿ ಸಂಜೆ ಏಳರ ಹೊತ್ತಿಗೆ ಹಿಂದಿನ ಟೈರು ಮೆತ್ತಗೆ ಕಂಡರೆ ಪಂಕ್ಚರ್ ಅಂಗಡಿಯವರ ಜತೆ ಚೌಕಾಸಿಗೆ ಇಳಿಯಬೇಡಿ. ಅಲ್ಲಿಂದ ತೆಪ್ಪಕಾಡಿಗೆ ಹದಿನೆಂಟು ಕಿಲೋಮೀಟರ್, ಅಲ್ಲಿಂದ ಮುಂದೆ ಕೆಕ್ಕನಹಳ್ಳ ಗಡಿ ದಾಟಿ ಕರ್ನಾಟಕದ ಕಾಡು, ಹಂಪಿಗೊಂದು ಬ್ರೇಕು. ಒಂಬತ್ತು ಹೊಡೆದ ಮೇಲೆ ಗೇಟು ಯಾರಿಗೂ ಏಳುವುದಿಲ್ಲ.